ಮಾರ್ಜಿನ್

ಬೀರು ಸರಿಸಿದಾಗ ಗೋಡೆಗೆ ಮೀಸೆ ಬಂದಿತ್ತು,
ಬಿಳಿ ಮೀಸೆ, ಉಪ್ಪಿನದು.
ಬೆರಳಿಟ್ಟರೆ ಉದುರುತ್ತಿತ್ತು.
ಹೊಲಿಯಲು ಬಂದ ಹದಿನಾಲ್ಕು ಬ್ಲೌಸ್ ಪೀಸಿನಲ್ಲಿ
ಮೂರಕ್ಕೆ ಬೂಷ್ಟು.
ಅದರಲ್ಲೊಂದು ಮದುವೆಯ ಕೆಂಪು.

ಸುಂಟಿಕೊಪ್ಪದಲ್ಲಿ ಇದೇನು ಸುದ್ದಿಯಲ್ಲ.
ಆಟಿ ತಿಂಗಳಲ್ಲಿ ಬೆಲ್ಟಿಗೂ ಬೂಷ್ಟು ಬರುತ್ತದೆ,
ಬೆಂಕಿಪೊಟ್ಟಣ ಬೆವರುತ್ತದೆ.
ಆದರೆ ಉಳಿದ ಮೂರು ಗೋಡೆ
ಮಾರ್ಚಿಗೆಲ್ಲ ಒಣಗಿ ಕೂತಿದ್ದವು.
ಇದೊಂದೇ, ಹೊಲಿಗೆ ಮಿಷನ್ನಿನ ಹಿಂದಿನದು,
ಏಪ್ರಿಲಿನಲ್ಲೂ ಒದ್ದೆ.

ಆಲಿಕುಟ್ಟಿ ಮೇಸ್ತ್ರಿ ಒಳಗೆ ಬರಲೇ ಇಲ್ಲ.
ಹೊರಗಿನಿಂದ ಸುತ್ತಿ ಬಂದು
ನನ್ನ ಹೂವಿನ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತ,
ಗೋಡೆಯ ಬುಡಕ್ಕೆ ಮೊಳೆಯೊಂದನ್ನು ಹೆಬ್ಬೆರಳಲ್ಲೇ ಒತ್ತಿದ.
ಹಳೇ ಬೆಲ್ಲಕ್ಕೆ ಹೋದ ಹಾಗೆ ಹೋಯಿತು.
"ಮಳೆಯನ್ನು ಬೈಯಬೇಡಿ ದಮಯಂತಕ್ಕಾ,
ಮನೆಗೆ ನೀವೇ ಒದ್ದೆ ಲಂಗ ಉಡಿಸಿದ್ದೀರಿ."

ದರ್ಜಿಗೆ ಲಂಗದ ಮಾತು ಬೇಗ ತಿಳಿಯುತ್ತದೆ.

ವರ್ಷಕ್ಕೊಂದು ಬುಟ್ಟಿ ಗೊಬ್ಬರ, ಎರಡು ಬುಟ್ಟಿ ಕಾಡುಮಣ್ಣು.
ಹನ್ನೊಂದು ವರ್ಷಕ್ಕೆ ಪಾತಿ ತಳಪಾಯ ದಾಟಿ
ಗೋಡೆಯ ಮೊಣಕಾಲಿಗೆ ಬಂದಿತ್ತು.
ಅಂಚಿಗೆ ಲೇಸಿನ ಹಾಗೆ ನಾನೇ ಜೋಡಿಸಿದ ಓರೆ ಇಟ್ಟಿಗೆ.
ಚಂದ ಎಂದುಕೊಂಡಿದ್ದೆ.
ಸೂರಿನಿಂದಿಳಿದ ನೀರು ಹೊರಗೆ ಹೋಗಲು ದಾರಿ ಕೇಳಿ,
ಸಿಗದೆ,
ಒಳಗೆ ಬಂದಿದೆ.

"ಎರಡೂವರೆ ಅಡಿ ಬಿಡಬೇಕು," ಎಂದ.
ಇರುವ ಅಂಗಳವೇ ಒಂಬತ್ತು ಅಡಿ!
ಹೊಟ್ಟೆ ಉರಿಯಿತು.
ಆಮೇಲೆ ನೆನಪಾಯಿತು,
ದಿನಾ ಎಲ್ಲರಿಗೂ ನಾನೇ ಹೇಳುವ ಮಾತು:
ಒಳಗೆ ಒಂದಿಂಚು ಬಿಟ್ಟಿದ್ದೇನೆ, ಕತ್ತರಿಸಬೇಡಿ,
ಗೆರೆಗೆ ಸರಿಯಾಗಿ ಕೊಯ್ದ ಬಟ್ಟೆ
ಉಸಿರೆಳೆದರೆ ಬಿರಿಯುತ್ತದೆ.

ಗುಂಡಿ ತೋಡಿದರೆ ಗುಂಡಿಗಳೇ ಸಿಕ್ಕವು.
ಕಿಟಕಿಯಿಂದ ಗುಡಿಸಿ ಚೆಲ್ಲಿದ್ದು,
ಅಂಗಿಯವು, ಕೋಟಿನವು,
ಒಂದು ಬಾಬಿನ್, ಕಾಲು ಮುರಿದ ಕತ್ತರಿ,
ಪೊಲೀಸ್ ಯೂನಿಫಾರ್ಮಿನ ಹಿತ್ತಾಳೆ ಹುಕ್ಕು.
ಆಲಿಕುಟ್ಟಿ ಎಲ್ಲವನ್ನೂ ಟೋಪಿಯಲ್ಲಿ ಹಾಕಿ ತಂದುಕೊಟ್ಟ.

ಕೊನೆಗೆ ಹೈಡ್ರೇಂಜಿಯ.
ಕುಪ್ಯದ ತೋಳು ಬಿಡಿಸಲು ಬಂದಿದ್ದ ದೇಚವ್ವ
ಪೇಪರಿನಲ್ಲಿ ಸುತ್ತಿ ತಂದ ಕಡ್ಡಿ ಅದು.
"ನೀಲಿ," ಎಂದಿದ್ದಳು, "ಆಕಾಶ ಬಿದ್ದ ಹಾಗೆ."
ನನ್ನಲ್ಲಿ ಬಿಟ್ಟದ್ದು ಗುಲಾಬಿ.
ಪ್ರತಿ ವರ್ಷ ಗುಲಾಬಿ.
ಅಜ್ಜಿಗೆ ಕಣ್ಣು ಮಂಜು ಎಂದು ನಕ್ಕು ಸುಮ್ಮನಾಗಿದ್ದೆ.

ಬುಡ ಎತ್ತಿದಾಗ ಬೇರು
ಗೋಡೆಯ ಸಂದಿಗೆ ಹೊಕ್ಕಿತ್ತು, ತುದಿಯೆಲ್ಲ ಬೆಳ್ಳಗೆ.
"ಹಳೇ ಸುಣ್ಣದ ಗಾರೆ," ಮೇಸ್ತ್ರಿ ಕೆರೆದು ತೋರಿಸಿದ,
"ಸುಣ್ಣ ತಿಂದರೆ ಇದಕ್ಕೆ ಬಣ್ಣ ತಿರುಗುತ್ತದೆ."
ಅಂದರೆ ಇಷ್ಟು ವರ್ಷ ಇವೆರಡೂ
ನನ್ನ ಬೆನ್ನ ಹಿಂದೆ ವ್ಯಾಪಾರ ಮಾಡಿವೆ:
ಗಿಡ ಗೋಡೆಗೆ ನೀರು ಕೊಟ್ಟು
ಗೋಡೆಯಿಂದ ಸುಣ್ಣ ಪಡೆದು,
ನಾನು ಮಿಷನ್ ತುಳಿಯುತ್ತ
ಎಂಥಾ ಗುಲಾಬಿ ಎಂದು ಹಿಗ್ಗಿದ್ದೇನೆ.

ಮಣ್ಣಿಳಿಸಿ, ಗೋಡೆಯಿಂದಾಚೆ ಇಳಿಜಾರು ಕೊಟ್ಟು,
ಜಲ್ಲಿ ಸುರಿದು, ಚರಂಡಿಗೆ ದಾರಿ ಬಿಡಿಸಿ
ನಾಲ್ಕು ದಿನದ ಕೂಲಿ ಎಣಿಸಿಕೊಂಡು ಹೋದ.
"ಕೂಡಲೇ ಬಣ್ಣ ಹೊಡೆಯಬೇಡಿ.
ಒಣಗಲು ಎರಡು ಬೇಸಿಗೆ ಬೇಕು ಅದಕ್ಕೆ."

ಈಗ ಮಳೆ ಜಲ್ಲಿಯ ಮೇಲೆ ಬೀಳುವ ಸದ್ದು ಬೇರೆ,
ಯಾರೋ ಅಕ್ಕಿ ಅಳೆಯುತ್ತಿರುವ ಹಾಗೆ.
ಗೋಡೆಯ ಕಲೆ ಇನ್ನೂ ಇದೆ,
ಅಂಚು ಮಾತ್ರ ಒಂದು ಗೇಣು ಕೆಳಗಿಳಿದಿದೆ,
ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ.

ಅಂಗಳದ ನಡುವೆ ಗಿಡ ಒಂದು ವರ್ಷ ಮುನಿಸಿಕೊಂಡಿತ್ತು.
ಈ ಜೂನಿನಲ್ಲಿ ಒಂದೇ ಒಂದು ಗೊಂಚಲು.
ಗುಲಾಬಿಯಲ್ಲ. ನೀಲಿ ಎನ್ನಲೂ ಧೈರ್ಯವಿಲ್ಲ.
ಕೊಡೆ ಹಿಡಿದು ನೂಲಿನ ಡಬ್ಬಿ ಹೊರಗೊಯ್ದು
ಉಂಡೆ ಉಂಡೆ ಪಕ್ಕಕ್ಕಿಟ್ಟು ನೋಡಿದೆ,
ನಲವತ್ತರಲ್ಲಿ ಒಂದೂ ಹೊಂದಲಿಲ್ಲ.

ಸಂತೆಗೆ ಬಂದ ದೇಚವ್ವ ಗೇಟಿನಾಚೆಯೇ ನಿಂತು
ಒಮ್ಮೆ ನೋಡಿ, "ನೀಲಿ," ಎಂದಳು,
ಆಮೇಲೆ ಹೊಸ ಬ್ಲೌಸಿಗೆ ಚೌಕಾಸಿ ಶುರುಮಾಡಿದಳು.