ತೂಬು ಎತ್ತೋರು ಯಾರು

ನರಸಾಪುರದ ಪಂಚಾಯ್ತಿ ಲೈಬ್ರರಿಗೆ
ಪೇಪರಿಗಿಂತ ಮೊದಲು ಬರುವವನು ಒಬ್ಬನೇ,
ನೀರಗಂಟಿ ಪಿಳ್ಳಪ್ಪ. ಓದು ಬರದು.
ಚಪ್ಪಲಿ ಹೊರಗೆ ಬಿಟ್ಟು, ಟವಲಿಗೆ ಕೈ ಒರೆಸಿ,
ಯಾರೋ ದಾನ ಕೊಟ್ಟ, ರಟ್ಟು ಕಿತ್ತ ದೊಡ್ಡ ಪುಸ್ತಕದಲ್ಲಿ
ದಿನಾ ಅದೇ ಪುಟಕ್ಕೆ ಬೆರಳಿಡುತ್ತಾನೆ:
ಹಳ್ಳದ ಮೇಲೆ ಎರಡು ಕಮಾನು,
ಕಮಾನಿನ ಮೇಲೆ ಕಾಲುವೆ,
ನೀರನ್ನು ದಾಟಿ ಹೋಗುವ ನೀರು.

"ಇದ್ಯಾವೂರಮ್ಮ?"

ಸ್ಯಾನ್ ಆಂಟೋನಿಯೊ, ಅಂದೆ. ಅಮೆರಿಕ. ಟೆಕ್ಸಸ್.
ನಮ್ಮ ಜಿಲ್ಲೆಯ ಜನವನ್ನೆಲ್ಲ ಒಂದೇ ಊರಿಗೆ ತುಂಬಿದಷ್ಟು ಜನ.
ಪೇಟೆಯ ನಡುವೆ ಹೊಳೆ, ದಡದುದ್ದ ಹೋಟೆಲು, ದೋಣಿ,
ಅಂಚಿನಲ್ಲಿ ಸೈನ್ಯದವರ ಬಿಡಾರ, ವಿಮಾನದ ಬಯಲು...
ಬೆರಳು ಕದಲಲಿಲ್ಲ.
"ಅದಿರ್ಲಿ. ತೂಬು ಎತ್ತೋರು ಯಾರು?"

ಪುಸ್ತಕದಲ್ಲಿ ಅದಿಲ್ಲ. ಇರುವುದು ಇಷ್ಟು:
ಜೂನ್ ಹದಿಮೂರಕ್ಕೆ ಸ್ಪೇನಿನವರು ಬಂದಿಳಿದರು,
ಅಂದು ಅಂತೋನಿ ಸಂತನ ದಿನ. ಹೊಳೆಗೆ ಅವನ ಹೆಸರು.
ಹೊಳೆಗೆ ಮೊದಲೇ ಒಂದು ಹೆಸರಿತ್ತಂತೆ, ಯಾನಗ್ವಾನ.
ಹಾಗೆ ಕರೆಯುತ್ತಿದ್ದವರ ತಲೆಗೇ ಕಲ್ಲು ಹೊರಿಸಿ
ಇಗರ್ಜಿ ಕಟ್ಟಿಸಿದರು, ಕಾಲುವೆ ತೋಡಿಸಿದರು,
ಅದೇ ತಲೆಗೆ ನೀರು ಚಿಮುಕಿಸಿ
ಹೊಸ ಹೆಸರಿಟ್ಟರು.

"ಅಂಗಾದ್ರೆ ತೋಡಿದೋರು ಒಬ್ರು, ಕಲ್ಲಲ್ಲಿರೋರು ಇನ್ನೊಬ್ರು."
ಕೋಡಿಯ ಹತ್ತಿರದ ಕಲ್ಲನ್ನು ನಾನೂ ಓದಿದ್ದೇನೆ.
ಅದರಲ್ಲಿ ಗೌಡರಿದ್ದಾರೆ. ಪಿಳ್ಳಪ್ಪನ ಮುತ್ತಾತ ಇಲ್ಲ.

ಕಾಲುವೆ ಕೆಳಗಿನ ಹೊಲಕ್ಕೆ ಅಲ್ಲಿ ಸುಯೆರ್ತೆ ಅನ್ನುತ್ತಿದ್ದರು,
ಅದೃಷ್ಟ ಅಂತ ಅರ್ಥ. ಚೀಟಿ ಎತ್ತಿ ಹಂಚಿದ್ದಕ್ಕೆ.
"ಚೀಟಿ ಬರ್ದೋರು ಯಾರೋ" ಎಂದು ನಕ್ಕ.
ಆಮೇಲೆ ಅಜ್ಜನ ಗಳಿಗೆ ಬಟ್ಟಲಿನ ಕತೆ:
ತಳದಲ್ಲಿ ಸಣ್ಣ ತೂತು. ಬಟ್ಟಲು ಮುಳುಗುವ ತನಕ
ನೀರು ಒಬ್ಬನ ಪಾಲು.
ಗೌಡರ ಸರದಿಗೆ ಅದು ಯಾಕೋ ತಡವಾಗಿ ಮುಳುಗುತ್ತಿತ್ತು.
"ತೂತಿಗೆ ಒಂದು ಎಳ್ಳು ಸಾಕಮ್ಮ."

ಮುಂದಿನ ಸಾಲನ್ನು ಗಟ್ಟಿಯಾಗಿ ಓದಲಿಲ್ಲ.
ಆ ಊರ ಮೇಲೆ ಬಾವುಟ ಐದಾರು ಸಲ ಬದಲಾಯಿತು,
ಗೆದ್ದು ಬಂದ ಸ್ಪ್ಯಾನಿಷ್ ಸೋತವರ ಬಾಯಿಗೆ ಇಳಿಯಿತು,
ಶಾಲೆಯಲ್ಲಿ ಅದನ್ನಾಡಿದ ಮಕ್ಕಳಿಗೆ ಏಟು ಬಿತ್ತು.
ಮೂರನೇ ಕ್ಲಾಸಿನಲ್ಲಿ ನಾನು ನೀಳ್ಳು ಅಂದುಬಿಟ್ಟು
ಬೆಂಚಿನ ಮೇಲೆ ನಿಂತಿದ್ದೆ.
ನೀರು ಅನ್ನು, ನೀರು ಅನ್ನು, ಅಂದರು ಮೇಷ್ಟ್ರು.
ಮನೆಗೆ ಬಂದು ನೀರು ಕೇಳಿದೆ.
ಅಮ್ಮ ನೀಳ್ಳು ಕೊಟ್ಟಳು.
ಅದೇ ಲೋಟದಲ್ಲಿ.

ಪುಟದ ಕೊನೆಗೆ, ಸಣ್ಣಕ್ಷರದಲ್ಲಿ:
ಹೊಳೆಯ ಬುಗ್ಗೆಗಳು ಈಗ ಬತ್ತುತ್ತವೆ.
ಊರು ಬಳಸಿ ಬಿಟ್ಟ ನೀರನ್ನೇ ತೊಳೆದು
ಮತ್ತೆ ಹೊಳೆಗೆ ಬಿಡುತ್ತಾರೆ.

ಪಿಳ್ಳಪ್ಪ ಬೆಂಚಿನ ತುದಿಗೆ ಸರಿದ.
"ಅಲ್ಲೂ ಇಂಗೇನಾ!"
ನಮ್ಮ ಕೆರೆಯಲ್ಲೂ ಬೆಂಗಳೂರು ಮೈ ತೊಳೆದು ಬಿಟ್ಟ ನೀರು,
ಪೈಪಿನಲ್ಲಿ ಬಂದು, ಕಟ್ಟೆಗೆ ತಾಗಿ, ನೊರೆಯಾಡಿ ನಿಂತಿದೆ.
ಮೂವತ್ತು ವರ್ಷ ಕಾಣದಷ್ಟು ನೀರು.
ಅಂತರ್ಜಲಕ್ಕೆ ಮಾತ್ರ, ಹೊಲಕ್ಕೆ ಬಿಡುವಂತಿಲ್ಲ,
ಎಂದು ಇಲಾಖೆಯ ಬೋರ್ಡು.
ಕೆರೆ ತುಂಬಿದ ದಿನವೇ ಅವನ ಕೆಲಸ ಹೋಯಿತು.

ಸ್ವಲ್ಪ ಹೊತ್ತು ಚಿತ್ರ ನೋಡಿದ.
"ಇರ್ತಾನಮ್ಮ ಒಬ್ಬ. ನೀರು ಅದಾಗದೇ ಇಷ್ಟು ಅಚ್ಚುಕಟ್ಟಾಗಿ ಓಗಲ್ಲ.
ಪುಸ್ತಕದೋರು ಅವನು ಊಟಕ್ಕೆ ಓದಾಗ ಬಂದಿರ್ತಾರೆ."

ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಿದ.
ಕಾಲುವೆಯ ಮೇಲೆ, ಕಮಾನಿನಿಂದ ಕಮಾನಿಗೆ,
ಅವನ ಬೆರಳು ಹಾದ ಒಂದು ಮಾಸಲು ಗೆರೆ.
ಚಪ್ಪಲಿ ಮೆಟ್ಟಿ ಏರಿಯ ಕಡೆ ನಡೆದ,
ಎತ್ತಬಾರದ ತೂಬು
ಸರಿಯಾಗಿದೆಯೋ ನೋಡಿ ಬರಲು.