ಆಕರವಿಲ್ಲ

ಚಿಕ್ಕಮಾದು, ಹಾಡುಗಾರ, ಮಂಡ್ಯ.
'ಪದ, ರಾಗ ಎರಡೂ ಅವರವೇ':
ಮೂರು ವರ್ಷದ ಹಿಂದೆ ನಾನೇ ಬರೆದ ಸಾಲು.

ನಿನ್ನೆ ರಾತ್ರಿ ಯಾರೋ, ಹೆಸರಿಲ್ಲ, ಬರೀ ಅಂಕಿ,
ಅದರ ಕೆಳಗೆ ಸೇರಿಸಿದ್ದರು:
'ಎರಡನೇ ಚರಣ ನಂದು.'
ಅಳಿಸಿದೆ. ಕಾರಣ: ಆಕರವಿಲ್ಲ.

ಹತ್ತು ನಿಮಿಷಕ್ಕೆ ಮತ್ತೆ ಬಂತು:
'ಅವತ್ತು ಸ್ಟವ್‌ಗೆ ಸೀಮೆಣ್ಣೆ ಇರ್ನಿಲ್ಲ.
ಅದ್ಕೇ ಒಲೆ ಹಸ್ಕಂಡದೆ ಅಂತ ಬಂದದ್ದು.
ನಾ ಯೋಳ್ದೆ, ಅವ್ರು ಬರ್ಕಂಡ್ರು.'

ಮೊದಲು ಕಾಗುಣಿತ ತಿದ್ದಿದೆ, ಅಭ್ಯಾಸಬಲ.
ಆಮೇಲೆ ಅಳಿಸಿದೆ.
ಎರಡು ಗಂಟೆಯವರೆಗೂ ಪುಟ ನೋಡುತ್ತ ಕೂತೆ.
ಮತ್ತೆ ಬರಲಿಲ್ಲ.

ಬೆಳಿಗ್ಗೆ ಗುತ್ತಲಿನ ಈ ಬಾಡಿಗೆ ಮನೆಗೆ
ಸಕ್ಕರೆ ಕಾರ್ಖಾನೆಯ ಕಮಟು ಗಾಳಿ.
ಗ್ಯಾಸ್ ಹಚ್ಚಿ, ಹಾಲಿಟ್ಟು, ಗುನುಗುತ್ತಿದ್ದೇನೆ.
ಮೊದಲ ಚರಣ
ಎಷ್ಟು ಹುಡುಕಿದರೂ ನೆನಪಾಗುತ್ತಿಲ್ಲ.