ಮಡಿ

ಹಲ್ ಪಟ್ಟಣದ ಆಸ್ಪತ್ರೆಯ ಲಾಂಡ್ರಿಗೆ
ಬೆಳಗಿನ ಐದೂವರೆಗೆ ಮೊದಲ ಗಾಡಿ.
ಕೆಂಪು ಚೀಲದಲ್ಲಿ ಸೋಂಕಿನವು, ಬಿಳಿಯದರಲ್ಲಿ ಉಳಿದವು.
ಯಾರ ಮೈಯಡಿ ಹಾಸಿತ್ತು, ಯಾರು ಎದ್ದು ಹೋದರು,
ಯಾರನ್ನು ಎತ್ತಿಕೊಂಡು ಹೋದರು,
ಬಟ್ಟೆ ಹೇಳುವುದಿಲ್ಲ.

ರಕ್ತಕ್ಕೆ ಮೊದಲು ತಣ್ಣೀರು.
ಇಲ್ಲಿ ಕಲಿತ ಮೊದಲ ಪಾಠ ಅದು.
ಬಿಸಿನೀರು ಬಿತ್ತೋ, ಕಲೆ ನೂಲಿನೊಳಗೆ ಮನೆ ಮಾಡಿ ಕೂರುತ್ತದೆ.
ಭಾನುವಾರ ಪಾದ್ರಿ ಓದುತ್ತಾರೆ,
ಕುರಿಮರಿಯ ರಕ್ತದಲ್ಲಿ ತೊಳೆದ ನಿಲುವಂಗಿ ಬೆಳ್ಳಗಾಯಿತೆಂದು.
ಹಿಂದಿನ ಬೆಂಚಿನಲ್ಲಿ ನನಗೆ ನಗು.
ಸ್ವಾಮೀ, ನಮ್ಮ ಕಸುಬಿನವರಿಗೆ ಇದನ್ನು ನಂಬುವುದು
ಬಲು ಕಷ್ಟ.
ನಂಬಿದ್ದೇನೆ. ಆದರೂ ಕಷ್ಟ ಎಂಬುದು
ನಿನಗೂ ತಿಳಿದಿರಲಿ.

ನಮ್ಮ ಮಾತಿನಲ್ಲಿ ಒಂದು ಪದವಿದೆ, ಇಲ್ಲಿಯವರಿಗೆ ಬಿಡಿಸಿ ಹೇಳಲಾರೆ.
ಮಡಿ.
ಒಗೆದು ಉಟ್ಟರೆ ಮಡಿ, ಸತ್ತರೆ ಮಡಿದರು,
ಸೀರೆ ಮಡಿಸಿದರೂ ಅದೇ, ಫಸಲು ನೂರ್ಮಡಿಯಾದರೂ ಅದೇ.
ಬೀದರದ ನಮ್ಮಜ್ಜಿ, ತುಳಜವ್ವ ಇದ್ದವಳು ಎಸ್ತೇರವ್ವ ಆದವಳು,
ಮಡಿಯುಟ್ಟವರು ಎದುರಾದರೆ
ನೆರಳನ್ನೂ ಎಳೆದುಕೊಂಡು ದಾರಿ ಬಿಟ್ಟು ನಿಲ್ಲುತ್ತಿದ್ದಳು.
ದೀಕ್ಷಾಸ್ನಾನದ ದಿನ ಕೆರೆಯಿಂದೆದ್ದು ಬಂದು
ಒದ್ದೆ ಸೆರಗಿನಲ್ಲೇ ಕೇಳಿದಳಂತೆ:
"ಈಗ ಯಾರು ಸರೀಬೇಕು?"

ಲಿನೆಟ್ ನನ್ನ ಎದುರಿನ ಮೇಜಿನವಳು.
ನಾನು ಸೇರಿದ ಎರಡನೇ ವಾರ
ತನ್ನ ಮಗ್ಗಿನ ಬುಡಕ್ಕೆ ಉಗುರುಬಣ್ಣದ ಚುಕ್ಕಿ ಇಟ್ಟಳು.
ಅದುವರೆಗೆ ಕ್ಯಾಂಟೀನಿನ ಯಾವ ಮಗ್ಗಿಗೂ ಗುರುತಿರಲಿಲ್ಲ.
ಅವಳು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.
ಅನ್ನದೆ ಇರುವುದು ನಮಗೆ ಮೂರು ತಲೆಮಾರಿನ ಅಭ್ಯಾಸ.
ಎಪ್ಪತ್ತರ ಏಳ್ಮಡಿ ಕ್ಷಮಿಸಬೇಕಲ್ಲ, ಗುಣಿಸಿ ನೋಡಿದೆ: ನಾನೂರ ತೊಂಬತ್ತು.
ಕ್ಯಾಲೆಂಡರಿನ ಹಿಂದೆ ಗೀಟೆಳೆಯತೊಡಗಿದೆ.
ಮೂವತ್ತೊಂದಕ್ಕೆ ಪೆನ್ನು ಬಿಸಾಕಿದೆ.
ಲೆಕ್ಕ ಇಡುವವಳು ಇನ್ನೂ ಕ್ಷಮಿಸಿಲ್ಲ ಎಂದು ತಿಳಿಯಲು
ಅಷ್ಟು ಗೀಟು ಬೇಕಾಯಿತು.

ಚರ್ಚಿನಲ್ಲಿ ಒಂದೇ ಬಟ್ಟಲು.
ನನ್ನ ಮುಂದೆ ಕೆಮ್ಮುವ ಮುದುಕ ಹೆಬಲ್‌ವೈಟ್,
ಹಿಂದೆ ನೈಜೀರಿಯಾದ ಬಸುರಿ ಹೆಂಗಸು.
ಪಾದ್ರಿ ಬಿಳಿ ಬಟ್ಟೆಯಲ್ಲಿ ಅಂಚು ಒರೆಸಿ,
ಒಂಚೂರು ತಿರುಗಿಸಿ, ಮುಂದಿನ ತುಟಿಗೆ.
ಆ ಬಟ್ಟೆ ಒಗೆಯುವ ಪಾಳಿ ನನ್ನದು. ಕೇಳಿ ಪಡೆದದ್ದು.
ಮನೆಯ ಸಿಂಕಿನಲ್ಲಿ
ದ್ರಾಕ್ಷಾರಸವೂ ಎಲ್ಲರ ಎಂಜಲೂ
ಒಟ್ಟಿಗೆ ಬಿಡುತ್ತವೆ.

ಮಾರ್ಚಿನಲ್ಲಿ ಮಡಿಸುವ ಯಂತ್ರ ಕೆಟ್ಟಿತು.
ಹಂಬರ್ ಮೇಲಿನ ಗಾಳಿ ತಗಡಿನ ಬಾಗಿಲು ಬಡಿಯುತ್ತಿತ್ತು.
ಹಿಂದಿನ ಗುರುವಾರವಷ್ಟೇ ಲಿನೆಟ್‌ಳ ತಾಯಿ
ಇದೇ ಆಸ್ಪತ್ರೆಯ ಒಂಬತ್ತನೇ ವಾರ್ಡಿನಲ್ಲಿ ಮಡಿದಿದ್ದಳು.
ದೊಡ್ಡ ಹಾಸು ಒಬ್ಬರ ಕೈಗೆ ಬಗ್ಗುವುದಿಲ್ಲ.
ಅವಳಿಗೆರಡು ಮೂಲೆ, ನನಗೆರಡು ಮೂಲೆ.
ಎಳೆದು, ಕೊಡವಿ, ಒಬ್ಬರ ಕಡೆಗೊಬ್ಬರು ನಡೆದೆವು.
ಬೆರಳಿಗೆ ಬೆರಳು ತಗುಲಿತು.
ಮತ್ತೆ ಹಿಂದೆ. ಮತ್ತೆ ಹತ್ತಿರ.
ಎಷ್ಟನೆಯದೋ ಹಾಸಿಗೆ ಅವಳು ನಿಂತುಬಿಟ್ಟಳು.
"ಇದು ಅಮ್ಮನದಿರಬಹುದು."

ಅಲ್ಲ ಎನ್ನಬಹುದಿತ್ತು.
"ಇರಬಹುದು" ಎಂದೆ.
ಮುಂದೇನೂ ತೋಚದೆ, ನನ್ನ ಹರಕು ಇಂಗ್ಲಿಷಿನಲ್ಲಿ,
ಗೊತ್ತಿದ್ದ ಒಂದು ಸಂಗತಿ ಹೇಳಿದೆ:
ಮಡಿದು ಎದ್ದವನು ಗೋರಿ ಬಿಟ್ಟು ಹೊರಡುವ ಮುನ್ನ
ತಲೆಗೆ ಸುತ್ತಿದ್ದ ಬಟ್ಟೆಯನ್ನು ಮಡಿಸಿ ಬೇರೆ ಇಟ್ಟನಂತೆ.
ಅಷ್ಟು ದೊಡ್ಡ ಕೆಲಸದ ನಡುವೆ
ಇಷ್ಟು ಸಣ್ಣದು. ಆತುರವಿಲ್ಲದೆ.
ಲಿನೆಟ್ ತೋಳಿಗೆ ಮೂಗು ಒರೆಸಿಕೊಂಡಳು.
"ತಾಯಿ ಒಳ್ಳೇ ರೂಢಿ ಕಲಿಸಿದ್ದಾಳೆ."

ವಿರಾಮದಲ್ಲಿ ಚುಕ್ಕಿಯ ಮಗ್ಗು ಹುಡುಕಲಿಲ್ಲ.
ನನ್ನದರಲ್ಲೇ ಚಹಾ ಮಾಡಿ ಕೊಟ್ಟೆ. ಕುಡಿದಳು.
ಅದು ಕ್ಷಮೆಯೋ, ಬರೀ ದಣಿವೋ,
ಸೋಮವಾರಕ್ಕೆ ಚುಕ್ಕಿ ಮರಳುವುದೋ, ತಿಳಿಯದು.
ಮಗ್ಗಿನ ಅಂಚಿನಲ್ಲಿ ತುಟಿಬಣ್ಣದ ಕೆಂಪು ಉಳಿದಿತ್ತು.
ನಲ್ಲಿ ತಿರುಗಿಸಿದೆ,
ತಣ್ಣೀರಿನ ಕಡೆಗೆ.